ವರ್ಡ್‌ಪ್ರೆಸ್ ಕನ್ನಡ ತಾಣ: ಮುಖಪುಟ ತೆರೆಯುತ್ತದೆ, ಒಳಪುಟಗಳೆಲ್ಲ 404

ಅಡಿಕೆಪುಟ:
ಕೃಷಿ ಬರಹಗಳ ಕನ್ನಡ ತಾಣವೊಂದನ್ನು ಹೊಸ ಸರ್ವರ್‌ಗೆ (ಉಬುಂಟು ಲಿನಕ್ಸ್, ಅಪಾಚೆ ವೆಬ್ ಸರ್ವರ್) ಸಾಗಿಸಲಾಗಿದೆ. ಮುಖಪುಟ, ಅಡ್ಮಿನ್ ಎರಡೂ ಸರಿ ಇವೆ. ಯಾವ ಬರಹದ ಕೊಂಡಿ ಒತ್ತಿದರೂ 404 (ಪುಟ ಸಿಗಲಿಲ್ಲ) ದೋಷ. ಇದರ ಜೊತೆಗೆ ಇನ್ನೆರಡು ಪ್ರಶ್ನೆಗಳಿವೆ. ಒಂದು, ವಾಟ್ಸ್ಆ್ಯಪ್‌ನಲ್ಲಿ ಹಂಚಿಕೆಯಾದ ಕೆಲವು ಹಳೆಯ ಕನ್ನಡ ಕೊಂಡಿಗಳು ಸಾಗಣೆಗೆ ಮೊದಲೇ ತೆರೆಯುತ್ತಿರಲಿಲ್ಲ, ಅದು ಯಾಕೆ? ಎರಡು, ಥೀಮಿನ 404 ಪುಟ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಕ್ಕೆ ತರುವುದೋ, ಅಥವಾ 404 ಆದದ್ದನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಪ್ಲಗಿನ್ ಹಾಕಿಬಿಡುವುದೋ? ಬಲ್ಲವರು ದಯವಿಟ್ಟು ತಿಳಿಸಿ.

ಸರ್ವರ್‌ಮನೆ:
ಮೊದಲು ಆ 404 ಅನ್ನು ಕಳಿಸಿದ್ದು ಯಾರು ಅಂತ ಗುರುತು ಹಿಡಿಯಿರಿ. ಬಿಳಿ ಹಾಳೆಯ ಮೇಲೆ "ನಾಟ್ ಫೌಂಡ್" ಎಂದು ಬಂದು, ಕೆಳಗೆ ಗೆರೆ ಎಳೆದು ಅಪಾಚೆಯ ಹೆಸರಿದ್ದರೆ ಅದು ಅಪಾಚೆಯ ಉತ್ತರ. ಕೋರಿಕೆ ವರ್ಡ್‌ಪ್ರೆಸ್ ತನಕ ತಲುಪಿಯೇ ಇಲ್ಲ. ನಿಮ್ಮ ತಾಣದ ಮೆನು, ಲೋಗೊ ಸಮೇತ ಬಂದಿದ್ದರೆ ವರ್ಡ್‌ಪ್ರೆಸ್ ಹುಡುಕಿ, ಸಿಗದೆ ಕೈಚೆಲ್ಲಿದೆ ಅಂತ ಅರ್ಥ. ಎರಡಕ್ಕೂ ಮದ್ದು ಬೇರೆ ಬೇರೆ.

ಮುಖಪುಟ ಮಾತ್ರ ತೆರೆಯುವುದಕ್ಕೆ ಕಾರಣವಿದೆ. ತಾಣದ ಬೇರಿಗೆ (ಮೂಲ ವಿಳಾಸಕ್ಕೆ) ಬಂದ ಕೋರಿಕೆಗೆ ಅಪಾಚೆ ತಾನಾಗಿಯೇ ಇಂಡೆಕ್ಸ್.ಪಿಎಚ್‌ಪಿ ತೆರೆಯುತ್ತದೆ. ಡಬ್ಲ್ಯುಪಿ-ಅಡ್ಮಿನ್ ಅಂತೂ ಡಿಸ್ಕಿನಲ್ಲೇ ಇರುವ ನಿಜವಾದ ಫೋಲ್ಡರ್. ಒಳಪುಟಗಳು ಹಾಗಲ್ಲ, ಆ ಹೆಸರಿನ ಫೈಲ್ ಎಲ್ಲೂ ಇರುವುದಿಲ್ಲ. ಅವನ್ನು ಇಂಡೆಕ್ಸ್.ಪಿಎಚ್‌ಪಿಗೆ ದಾಟಿಸುವುದು .ಎಚ್‌ಟಿಆ್ಯಕ್ಸೆಸ್ ಫೈಲಿನ ರೀರೈಟ್ ನಿಯಮ.

ಒಂದು ಚಿಕ್ಕ ಪರೀಕ್ಷೆ ಮಾಡಿ. ಯಾವುದಾದರೂ ಬರಹದ ಐಡಿ ಹಿಡಿದು, ತಾಣದ ವಿಳಾಸದ ಕೊನೆಗೆ /?ಪಿ=123 ಎಂದು ಕೊಡಿ (ಪಿ ಇಂಗ್ಲಿಷ್ ಅಕ್ಷರದಲ್ಲಿ). ವಿಳಾಸಪಟ್ಟಿ ತಾನಾಗಿ ಬರಹದ ಪೂರ್ಣ ವಿಳಾಸಕ್ಕೆ ಬದಲಾಗಿ ಆಮೇಲೆ 404 ಬಂದರೆ, ವರ್ಡ್‌ಪ್ರೆಸ್‌ಗೂ ಡೇಟಾಬೇಸ್‌ಗೂ ಏನೂ ಆಗಿಲ್ಲ, ರೀರೈಟ್ ಒಂದೇ ಕೆಟ್ಟಿದೆ. ಆಗ ಈ ಕ್ರಮದಲ್ಲಿ ನೋಡಿ:

1. ಮಾಡ್_ರೀರೈಟ್ ಚಾಲೂ ಇದೆಯೇ? ಇಲ್ಲದಿದ್ದರೆ ಎ2ಎನ್‌ಮಾಡ್ ರೀರೈಟ್ ಆದೇಶ ಕೊಡಿ.
2. ಉಬುಂಟುವಿನ ಅಪಾಚೆ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು ಫೋಲ್ಡರಿಗೆ ಅಲೋಓವರ್‌ರೈಡ್ ನನ್ ಎಂದು ಇಟ್ಟುಕೊಂಡೇ ಬರುತ್ತದೆ. ಹಾಗಿದ್ದಾಗ .ಎಚ್‌ಟಿಆ್ಯಕ್ಸೆಸ್ ಫೈಲನ್ನು ಅಪಾಚೆ ಓದುವುದೇ ಇಲ್ಲ. ನಿಮ್ಮ ತಾಣದ ವರ್ಚುವಲ್‌ಹೋಸ್ಟ್ ಫೈಲಿನ ಡೈರೆಕ್ಟರಿ ಭಾಗದಲ್ಲಿ ಅದನ್ನು ಆಲ್ ಮಾಡಿ ಅಪಾಚೆ ಮರುಚಾಲೂ ಮಾಡಿ. ಸಾಗಣೆಯಾದ ಮೇಲೆ ಬರುವ ಒಳಪುಟದ 404ಕ್ಕೆ ಮೊದಲ ಗುಮಾನಿ ಇದರ ಮೇಲೇ ಇರಲಿ.
3. .ಎಚ್‌ಟಿಆ್ಯಕ್ಸೆಸ್ ಬಂದಿದೆಯೇ? ಚುಕ್ಕಿಯಿಂದ ಶುರುವಾಗುವ ಫೈಲುಗಳು ಎಫ್‌ಟಿಪಿ ಕಿಟಕಿಯಲ್ಲಿ ಅಡಗಿರುತ್ತವೆ, ನಕಲು ಮಾಡುವಾಗ ಬಿಟ್ಟುಹೋಗುತ್ತವೆ. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟ ತೆರೆದು, ಏನನ್ನೂ ಬದಲಿಸದೆ ಸೇವ್ ಒತ್ತಿ. ವರ್ಡ್‌ಪ್ರೆಸ್ ಅದನ್ನು ಮತ್ತೆ ಬರೆಯುತ್ತದೆ. ಬರೆಯಲು ಅನುಮತಿ ಇಲ್ಲದಿದ್ದರೆ ಅದೇ ಪುಟದ ಕೆಳಗೆ ನಿಯಮಗಳನ್ನು ತೋರಿಸುತ್ತದೆ, ಕೈಯಾರೆ ಅಂಟಿಸಿ.

ನಿಮ್ಮ ಸ್ವಂತ ನಿಯಮಗಳನ್ನು "ಬಿಗಿನ್ ವರ್ಡ್‌ಪ್ರೆಸ್" ಮತ್ತು "ಎಂಡ್ ವರ್ಡ್‌ಪ್ರೆಸ್" ಗುರುತುಗಳ ನಡುವೆ ಹಾಕಬೇಡಿ. ಮುಂದಿನ ಸೇವ್‌ನಲ್ಲಿ ಅಳಿಸಿಹೋಗುತ್ತವೆ. ಅವು ಮೇಲ್ಗಡೆ ಇರಲಿ.

ಎಂಜಿನ್‌ಎಕ್ಸ್_ಗೆಳೆಯ:
ಮುಂದೆ ಇದನ್ನು ಓದುವವರಲ್ಲಿ ಎಂಜಿನ್‌ಎಕ್ಸ್ (ಅಪಾಚೆಯಂಥದ್ದೇ ಇನ್ನೊಂದು ವೆಬ್ ಸರ್ವರ್) ಬಳಸುವವರಿದ್ದರೆ ಅವರಿಗೊಂದು ಮಾತು. ಎಂಜಿನ್‌ಎಕ್ಸ್ .ಎಚ್‌ಟಿಆ್ಯಕ್ಸೆಸ್ ಓದುವುದಿಲ್ಲ. ಲೊಕೇಶನ್ ಭಾಗದ ಟ್ರೈ_ಫೈಲ್ಸ್ ಸಾಲು ಮೊದಲು ಫೈಲ್, ಆಮೇಲೆ ಫೋಲ್ಡರ್, ಕೊನೆಗೆ ಪ್ರಶ್ನಾಭಾಗದ ಸಮೇತ ಇಂಡೆಕ್ಸ್.ಪಿಎಚ್‌ಪಿ, ಈ ಕ್ರಮದಲ್ಲಿರಬೇಕು. ಕೊನೆಯದು =404 ಆಗಿದ್ದರೆ ಇಲ್ಲಿ ಕೇಳಿದಂಥದ್ದೇ ತೊಂದರೆ. ಫಾಸ್ಟ್‌ಸಿಜಿಐ_ಇಂಟರ್‌ಸೆಪ್ಟ್_ಎರರ್ಸ್ ಚಾಲೂ ಇದ್ದು, ಎರರ್_ಪೇಜ್ ಸಾಲಿನಲ್ಲಿ 404 ಕೂಡ ಇದ್ದರೆ, ವರ್ಡ್‌ಪ್ರೆಸ್ ಕಳಿಸಿದ ಚೆಂದದ 404 ಪುಟವನ್ನು ಎಂಜಿನ್‌ಎಕ್ಸ್ ಎತ್ತಿ ಬಿಸಾಕಿ ತನ್ನದನ್ನು ಕೊಡುತ್ತದೆ. ಥೀಮ್ ಎಷ್ಟು ತಿದ್ದಿದರೂ ಏನೂ ಬದಲಾಗದಿದ್ದಾಗ ಇದನ್ನು ನೋಡಿ.

ಥೀಮ್‌ಕೆಲಸ:
ವರ್ಡ್‌ಪ್ರೆಸ್ಸೇ 404 ಕೊಡುತ್ತಿದ್ದರೆ ಕಾರಣಗಳು ಬೇರೆ.

ಹೊಸ ಪೋಸ್ಟ್ ಟೈಪ್ (ಬರಹದ ಬಗೆ) ಸೇರಿಸಿದ ಮೇಲೆ ರೀರೈಟ್ ನಿಯಮಗಳನ್ನು ಹೊಸದಾಗಿ ಕಟ್ಟಿರುವುದಿಲ್ಲ. ಪರ್ಮಾಲಿಂಕ್ಸ್ ಪುಟದಲ್ಲಿ ಒಮ್ಮೆ ಸೇವ್ ಒತ್ತಿದರೆ ಸಾಕು. ಕೋಡ್‌ನಲ್ಲಿ ಮಾಡುವುದಾದರೆ ಫ್ಲಶ್_ರೀರೈಟ್_ರೂಲ್ಸ್ ಅನ್ನು ಪ್ಲಗಿನ್ ಸಕ್ರಿಯವಾಗುವ ಹುಕ್‌ಗೆ ಕಟ್ಟಿ. ಇನಿಟ್‌ಗೆ ಕಟ್ಟಿದರೆ ಪ್ರತಿ ಕೋರಿಕೆಗೂ ನಿಯಮಪಟ್ಟಿ ಮತ್ತೆ ತಯಾರಾಗಿ ತಾಣ ತೆವಳುತ್ತದೆ.

ಮೊದಲ ಪುಟ ಸರಿಯಿದ್ದು /ಪೇಜ್/2 ಮಾತ್ರ 404 ಆದರೆ, ಟೆಂಪ್ಲೇಟಿನಲ್ಲಿ ಪ್ರತ್ಯೇಕ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆದು ಪುಟಕ್ಕೆ 5 ಬರಹ ತೋರಿಸುತ್ತಿರುತ್ತಾರೆ, ಮುಖ್ಯ ಕ್ವೆರಿ ಮಾತ್ರ ರೀಡಿಂಗ್ ಸೆಟ್ಟಿಂಗ್ಸ್‌ನ 10ರ ಲೆಕ್ಕದಲ್ಲೇ ಇರುತ್ತದೆ. 10 ಬರಹಗಳಿರುವ ವಿಭಾಗಕ್ಕೆ ಮುಖ್ಯ ಕ್ವೆರಿಯ ಪ್ರಕಾರ ಎರಡನೇ ಪುಟವೇ ಇಲ್ಲ, ಅದಕ್ಕೇ 404. ಪ್ರತ್ಯೇಕ ಕ್ವೆರಿ ಬಿಟ್ಟು ಪ್ರೀ_ಗೆಟ್_ಪೋಸ್ಟ್ಸ್ ಹುಕ್‌ನಲ್ಲಿ ಮುಖ್ಯ ಕ್ವೆರಿಯನ್ನೇ ತಿದ್ದಿ.

ಇನ್ನೊಂದನ್ನು ಯಾರೂ ಸುಲಭಕ್ಕೆ ಊಹಿಸುವುದಿಲ್ಲ. ಕೈಯಾರೆ ಬರೆದ ಫಾರ್ಮ್ ಕಳಿಸಿದ ಕೂಡಲೇ 404 ಬರುತ್ತದೆ, ಅದೇ ಪುಟ ಸುಮ್ಮನೆ ತೆರೆದರೆ ಚೆನ್ನಾಗಿರುತ್ತದೆ. ಫಾರ್ಮಿನ ಖಾನೆಗೆ "ನೇಮ್" ಅಥವಾ "ಇಯರ್" ಎಂಬ ಹೆಸರಿದ್ದರೆ ಹೀಗಾಗುತ್ತದೆ. ಅವು ವರ್ಡ್‌ಪ್ರೆಸ್‌ನ ಸ್ವಂತ ಕ್ವೆರಿ ಪದಗಳು. ಬಳಕೆದಾರ ತನ್ನ ಹೆಸರು ತುಂಬಿದರೆ, ವರ್ಡ್‌ಪ್ರೆಸ್ ಆ ಹೆಸರಿನ ಬರಹವನ್ನು ಹುಡುಕಲು ಹೊರಡುತ್ತದೆ. ಖಾನೆಯ ಹೆಸರಿನ ಮುಂದೆ ನಿಮ್ಮದೊಂದು ಪೂರ್ವಪದ ಸೇರಿಸಿ.

ಅಕ್ಷರಕೊಂಡಿ:
ಅಡಿಕೆಪುಟ ಅವರೇ, ನಿಮ್ಮ ಹಳೆಯ ಕನ್ನಡ ಕೊಂಡಿಗಳ ಪ್ರಶ್ನೆಗೆ ಬರುತ್ತೇನೆ. ಇದು ಕನ್ನಡದಂಥ ಲಿಪಿಗಳಿಗೇ ಅಂಟಿದ ತೊಂದರೆ, ಆದ್ದರಿಂದ ಸ್ವಲ್ಪ ವಿವರವಾಗಿ.

ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. "ಕ" ಒಂದೇ %ಇ0%ಬಿ2%95 (ಇ, ಬಿ ಎರಡನ್ನೂ ಇಂಗ್ಲಿಷ್ ಅಕ್ಷರವೆಂದು ಓದಿಕೊಳ್ಳಿ), ಅಂದರೆ 9 ಅಕ್ಷರ. ವರ್ಡ್‌ಪ್ರೆಸ್ ಸ್ಲಗ್ (ವಿಳಾಸದ ಕೊನೆಗೆ ಬರುವ ಬರಹದ ಹೆಸರು) ಅನ್ನು ಪೋಸ್ಟ್_ನೇಮ್ ಎಂಬ ಕಾಲಂನಲ್ಲಿ ಇದೇ ರೂಪದಲ್ಲಿ ಇಡುತ್ತದೆ, ಅದರ ಮಿತಿ 200. ಹಾಗಾಗಿ ಒಂದು ಸ್ಲಗ್‌ನಲ್ಲಿ ಹಿಡಿಸುವುದು ಹೆಚ್ಚೆಂದರೆ 22 ಕನ್ನಡ ಚಿಹ್ನೆ. ಸ್ವರಚಿಹ್ನೆ, ಒತ್ತಕ್ಷರದ ನಡುವಿನ ವಿರಾಮ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

"ಮಲೆನಾಡಿನ ಅಡಿಕೆ ತೋಟಕ್ಕೆ ಕೊಳೆರೋಗ" ಎಂಬ ಶೀರ್ಷಿಕೆ ತೆಗೆದುಕೊಳ್ಳಿ. ಮಲೆನಾಡಿನ 8 ಚಿಹ್ನೆ, ಅಡಿಕೆ 5, ತೋಟಕ್ಕೆ 7. ಇಪ್ಪತ್ತು ಚಿಹ್ನೆಗೆ 180, ಮೂರು ಅಡ್ಡಗೆರೆ ಸೇರಿ 183. ಮುಂದಿನ "ಕ" ಸೇರಿದರೆ 192. ಅದರ ಪಕ್ಕದ ಒಕಾರ ಸೇರಿಸಲು ಹೋದರೆ 201, ಅದಕ್ಕೆ ಜಾಗವಿಲ್ಲ. ಸ್ಲಗ್ "ಮಲೆನಾಡಿನ-ಅಡಿಕೆ-ತೋಟಕ್ಕೆ-ಕ" ಎಂದು ಅಲ್ಲಿಗೇ ನಿಲ್ಲುತ್ತದೆ. ನಾಳೆ "ಮಲೆನಾಡಿನ ಅಡಿಕೆ ತೋಟಕ್ಕೆ ಕಾಂಪೋಸ್ಟ್" ಎಂದು ಬರೆದರೆ ಅದೂ ಅದೇ "ಕ" ಹತ್ತಿರ ತುಂಡಾಗಿ, ಕೊನೆಗೆ -2 ಅಂಟಿಸಿಕೊಳ್ಳುತ್ತದೆ. ಆಮೇಲೆ ಯಾರೋ ಶೀರ್ಷಿಕೆ ನೋಡಿ ಕೈಯಾರೆ ಪೂರ್ತಿ ವಿಳಾಸ ಬರೆದು ಹಂಚಿದರೆ ಅದು 404.

ತುಂಡಾದ ಸ್ಲಗ್‌ಗಳನ್ನು ಹುಡುಕಲು ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಪೋಸ್ಟ್ಸ್ ಟೇಬಲ್ ತೆರೆದು, ಪೋಸ್ಟ್_ನೇಮ್ ಉದ್ದ 190ಕ್ಕಿಂತ ಹೆಚ್ಚಿರುವ ಸಾಲುಗಳನ್ನು ಕೇಳಿ. ಅಲ್ಲಿ ಕನ್ನಡ ಅಕ್ಷರ ಕೊಟ್ಟು ಹುಡುಕಿದರೆ ಏನೂ ಸಿಗುವುದಿಲ್ಲ, ಒಳಗಿರುವುದು ಶೇಕಡಾ ರೂಪ.

ಎರಡನೆಯ ಕಾರಣ ಕಣ್ಣಿಗೆ ಕಾಣದ್ದು. "ಕಾರ್ಡ್‌ನ" ಎಂದು ಬರೆಯುವಾಗ ಅರ್ಧಾಕ್ಷರ ಉಳಿಸಲು ನಾವು ಹಾಕುವ ಶೂನ್ಯ ಅಗಲದ ಚಿಹ್ನೆಯೂ 3 ಬೈಟ್‌ಗಳ ಒಂದು ಚಿಹ್ನೆ. ಒಂದರಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ನೋಡಲು ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡು ವಿಳಾಸಗಳು ಕಂಪ್ಯೂಟರಿಗೆ ಬೇರೆ ಬೇರೆ. ರೀಡೈರೆಕ್ಟ್ (ಒಂದು ವಿಳಾಸದಿಂದ ಇನ್ನೊಂದಕ್ಕೆ ತಿರುಗಿಸುವ) ನಿಯಮ ಸರಿಯಾಗೇ ಇದ್ದೂ ಹಿಡಿಯುತ್ತಿಲ್ಲ ಅಂದರೆ ಇದನ್ನೇ ಮೊದಲು ಪರೀಕ್ಷಿಸಿ. ಕೊಂಡಿಯ ಶೇಕಡಾ ರೂಪದಲ್ಲಿ %ಇ2%80%8ಸಿ ಇದೆಯೇ ಅಂತ ಹುಡುಕಿದರೆ ತಿಳಿಯುತ್ತದೆ.

ಅಡಿಕೆಪುಟ:
ತುಂಬ ಉಪಕಾರವಾಯಿತು. ಅಲೋಓವರ್‌ರೈಡ್ ಬದಲಿಸಿದ ಕೂಡಲೇ ಒಳಪುಟಗಳು ತೆರೆದವು. ಹಾಗಾದರೆ ಸ್ಲಗ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಿಸುವುದು ಒಳ್ಳೆಯದೇ? ಬದಲಿಸಿದರೆ ಈಗಿರುವ ಕೊಂಡಿಗಳ ಗತಿ?

ಸರ್ವರ್‌ಮನೆ:
ಹೊಸ ಬರಹಗಳಿಗೆ ಪ್ರಕಟಿಸುವ ಮೊದಲೇ "ಅಡಿಕೆ-ಕೊಳೆರೋಗ" ಥರದ ಎರಡು ಮೂರು ಪದಗಳ ಸ್ಲಗ್ ಕೈಯಾರೆ ಕೊಡಿ. ಅದು ಕನ್ನಡದಲ್ಲಿದ್ದರೂ ನಡೆಯುತ್ತದೆ, ಚಿಕ್ಕದಿದ್ದರೆ ಸಾಕು. ಹಳೆಯದನ್ನು ಸುಮ್ಮಸುಮ್ಮನೆ ಮುಟ್ಟುವುದು ಬೇಡ ಎಂಬುದು ನನ್ನ ಅಭಿಪ್ರಾಯ. ನಡೆಯುತ್ತಿರುವ ಕೊಂಡಿಯನ್ನು ಬದಲಿಸಿದಷ್ಟೂ ಕಾಯಬೇಕಾದ ರೀಡೈರೆಕ್ಟ್‌ಗಳು ಹೆಚ್ಚುತ್ತವೆ.

ಬದಲಿಸಲೇಬೇಕಿದ್ದರೆ ಎಸ್‌ಕ್ಯೂಎಲ್ ಆದೇಶದಿಂದ ಮಾತ್ರ ಬೇಡ. ಪ್ರಕಟವಾದ ಪೋಸ್ಟಿನ ಸ್ಲಗ್ ಅನ್ನು ಅಡ್ಮಿನ್‌ನಿಂದ ಅಥವಾ ಡಬ್ಲ್ಯುಪಿ-ಸಿಎಲ್‌ಐ ಮೂಲಕ ಬದಲಿಸಿದಾಗ ವರ್ಡ್‌ಪ್ರೆಸ್ ಹಳೆಯದನ್ನು _ಡಬ್ಲ್ಯುಪಿ_ಓಲ್ಡ್_ಸ್ಲಗ್ ಎಂಬ ಮೆಟಾದಲ್ಲಿ ಇಟ್ಟುಕೊಂಡು, ಹಳೆಯ ವಿಳಾಸಕ್ಕೆ ಬಂದವರನ್ನು 301 (ವಿಳಾಸ ಶಾಶ್ವತವಾಗಿ ಬದಲಾಗಿದೆ) ಕೊಟ್ಟು ಹೊಸದಕ್ಕೆ ಕಳಿಸುತ್ತದೆ. ಡೇಟಾಬೇಸ್‌ನಲ್ಲಿ ನೇರ ತಿದ್ದಿದರೆ ಆ ದಾಖಲೆ ಆಗುವುದಿಲ್ಲ, ಹಳೆಯ ಕೊಂಡಿಗಳು ಒಂದೇ ಏಟಿಗೆ ಸತ್ತುಹೋಗುತ್ತವೆ. ಇನ್ನೊಂದು ವಿಷಯ: ಈ ಸೌಲಭ್ಯ ಪೋಸ್ಟ್‌ಗಳಿಗೆ ಇದೆ, "ನಮ್ಮ ಬಗ್ಗೆ" ಥರದ ಪೇಜ್‌ಗಳಿಗೆ ಇಲ್ಲ. ಅವಕ್ಕೆ ನೀವೇ ನಿಯಮ ಬರೆಯಬೇಕು.

ಅಕ್ಷರಕೊಂಡಿ:
ಆ ನಿಯಮ ಬರೆಯುವಾಗ ಕನ್ನಡ ವಿಳಾಸದವರು ಎಡವುವ ಜಾಗ ಒಂದಿದೆ. ಅಪಾಚೆ ವಿಳಾಸವನ್ನು ಶೇಕಡಾ ರೂಪದಿಂದ ಬಿಡಿಸಿದ ಮೇಲೆಯೇ ನಿಯಮಕ್ಕೆ ಹೋಲಿಸಿ ನೋಡುತ್ತದೆ. ಹಾಗಾಗಿ ರೀರೈಟ್‌ರೂಲ್‌ನ ಎಡಭಾಗದಲ್ಲಿ ಶೇಕಡಾ ಸರಪಳಿ ಅಂಟಿಸಿದರೆ ಅದು ಯಾವತ್ತೂ ಹೊಂದುವುದಿಲ್ಲ. ನೇರವಾಗಿ ಕನ್ನಡದಲ್ಲೇ ಬರೆಯಿರಿ:

ರೀರೈಟ್‌ರೂಲ್ ^ನಮ್ಮ-ಬಗ್ಗೆ/?$ /ಅಬೌಟ್/ [ಆರ್=301,ಎಲ್]

(ಕನ್ನಡ ಸ್ಲಗ್ ಬಿಟ್ಟು ಉಳಿದದ್ದು ಇಂಗ್ಲಿಷ್ ಅಕ್ಷರದಲ್ಲಿ.) ಬಲಭಾಗದಲ್ಲೂ ಶೇಕಡಾ ಸರಪಳಿ ಬೇಡ. ಅಪಾಚೆ ಆ ಶೇಕಡಾ ಚಿಹ್ನೆಯನ್ನೇ ಮತ್ತೆ %25 ಮಾಡಿಬಿಡುತ್ತದೆ, ಇಲ್ಲವೇ %95ರ %9 ಅನ್ನು ಹಿಂದಿನ ಷರತ್ತಿನ ಉಲ್ಲೇಖ ಎಂದು ತಿಳಿದು ನುಂಗಿಬಿಡುತ್ತದೆ. ಕನ್ನಡದಲ್ಲಿ ಬರೆದರೆ ಅದೇ ಸರಿಯಾಗಿ ಶೇಕಡಾ ರೂಪಕ್ಕೆ ತಂದುಕೊಳ್ಳುತ್ತದೆ. ಫೈಲನ್ನು ಯುಟಿಎಫ್-8ರಲ್ಲಿ, ಬಿಒಎಂ (ಫೈಲಿನ ಶುರುವಿಗೆ ಸೇರುವ ಕಾಣದ ಗುರುತು) ಇಲ್ಲದೆ ಉಳಿಸಿ. ಬಿಒಎಂ ಸೇರಿದರೆ ಮೊದಲ ಸಾಲೇ ಅಪಾಚೆಗೆ ಅರ್ಥವಾಗದೆ ತಾಣ ಪೂರ್ತಿ 500 (ಸರ್ವರ್ ದೋಷ) ಕೊಡುತ್ತದೆ. ನಿಯಮಗಳ ಮೇಲೆ ರೀರೈಟ್‌ಎಂಜಿನ್ ಆನ್ ಎಂಬ ಸಾಲೂ ಇರಲಿ.

ಹುಡುಕುಪುಟ:
ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವ ಪ್ಲಗಿನ್ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಅದನ್ನು ಹಾಕಬೇಡಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಅಳತೆ ಹುಡುಕಿಕೊಂಡು ಬಂದ ಓದುಗ ಮುಖಪುಟ ನೋಡಿ, ತಾನು ಬಂದದ್ದು ಎಲ್ಲಿಗೆ ಎಂದು ತಿಳಿಯದೆ ವಾಪಸ್ ಹೋಗುತ್ತಾನೆ. ಪುಟ ಇಲ್ಲ ಎಂಬ ನೇರ ಉತ್ತರ ಅವನಿಗೆ ಸಿಗಲೇಬೇಕು. ಗೂಗಲ್ ಕೂಡ ಇಂಥ ಸಂಬಂಧವಿಲ್ಲದ ರೀಡೈರೆಕ್ಟ್‌ಗಳನ್ನು ಸಾಫ್ಟ್ 404 (404 ಎಂದು ಹೇಳದಿದ್ದರೂ ನಿಜಕ್ಕೆ ಇಲ್ಲದ ಪುಟ) ಎಂದೇ ಎಣಿಸುತ್ತದೆ, ಆದ್ದರಿಂದ ಆ ಕಡೆಯಿಂದಲೂ ಲಾಭವಿಲ್ಲ. ಸಾಲದ್ದಕ್ಕೆ 301 ಅನ್ನು ಬ್ರೌಸರ್‌ಗಳು ನೆನಪಿಟ್ಟುಕೊಳ್ಳುತ್ತವೆ. ನಾಳೆ ಆ ಪುಟ ಮತ್ತೆ ಹಾಕಿದರೂ ಕೆಲವರಿಗೆ ಮುಖಪುಟವೇ ಬರುತ್ತದೆ.

ಅದೇ ವಿಷಯದ ಬೇರೆ ಪುಟ ಇದ್ದರೆ 301. ಬೇಕೆಂದೇ ತೆಗೆದುಹಾಕಿದ್ದಕ್ಕೆ 410. ಉಳಿದದ್ದು 404 ಆಗಿಯೇ ಇರಲಿ, ಅದರಿಂದ ತಾಣಕ್ಕೆ ಕೆಟ್ಟ ಹೆಸರೇನೂ ಬರುವುದಿಲ್ಲ. 404ರ ಲಾಗ್ ನೋಡಿದರೆ ಬಹುಪಾಲು ಬಾಟ್‌ಗಳು ಬಾಗಿಲು ತಟ್ಟಿದ ಗುರುತೇ ಇರುತ್ತದೆ: .ಎನ್ವ್ ಫೈಲ್, ನಿಮ್ಮಲ್ಲಿ ಇಲ್ಲವೇ ಇಲ್ಲದ ಪ್ಲಗಿನ್‌ಗಳ ವಿಳಾಸ. ಅವಕ್ಕೆ ರೀಡೈರೆಕ್ಟ್ ಬರೆಯುತ್ತ ಕೂರಬೇಡಿ. ಲಾಗ್ ಇಡುವ ಪ್ಲಗಿನ್ ಪ್ರತಿ 404ಕ್ಕೂ ಡೇಟಾಬೇಸ್‌ನಲ್ಲಿ ಒಂದು ಸಾಲು ಸೇರಿಸುತ್ತದೆ. ಹಳೆಯ ಸಾಲುಗಳು ವಾರಕ್ಕೊಮ್ಮೆ ಅಳಿಯುವಂತೆ ಇಡಿ.

ವರ್ಡ್‌ಪ್ರೆಸ್ ತಾನೇ ಮಾಡುವ ಊಹೆಯೂ ಒಂದಿದೆ. ಸ್ಲಗ್ ಪೂರ್ತಿ ಸಿಗದಿದ್ದರೆ, ಕೊಟ್ಟ ಅಕ್ಷರಗಳಿಂದ ಶುರುವಾಗುವ ಯಾವುದಾದರೂ ಬರಹಕ್ಕೆ 301 ಕೊಡುತ್ತದೆ. ಅರ್ಧ ತುಂಡಾದ ಕೊಂಡಿಯನ್ನು ಇದು ಕೆಲವೊಮ್ಮೆ ಉಳಿಸುತ್ತದೆ, ನಿಜ. ಆದರೆ /ಅಡಿಕೆ ಎಂದಷ್ಟೇ ಬಂದರೆ "ಅಡಿಕೆ-" ಇಂದ ಶುರುವಾಗುವ ಯಾವುದೋ ಒಂದಕ್ಕೆ ಒಯ್ದುಬಿಡುತ್ತದೆ. ಒಂದೇ ಪದದಿಂದ ಶುರುವಾಗುವ ಬರಹ ಹೆಚ್ಚಿರುವ ನಿಮ್ಮಂಥ ತಾಣದಲ್ಲಿ ನಿಲ್ಲಿಸುವುದೇ ಲೇಸು. 5.5ನೇ ಆವೃತ್ತಿಯಿಂದ ಅದಕ್ಕೊಂದು ಫಿಲ್ಟರ್ ಇದೆ, ಡು_ರೀಡೈರೆಕ್ಟ್_ಗೆಸ್_404_ಪರ್ಮಾಲಿಂಕ್. ಅದಕ್ಕೆ ಫಾಲ್ಸ್ ಕೊಡಿ.

ಥೀಮ್‌ಕೆಲಸ:
ಊಹೆ ನಿಲ್ಲಿಸುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೊಂಡಿಗಳು ಹೆಚ್ಚಾಗಿ ವಾಟ್ಸ್ಆ್ಯಪ್‌ನಲ್ಲೇ ಓಡಾಡುವ ತಾಣಕ್ಕೆ ತುಂಡಾದ ಕೊಂಡಿ ಉಳಿಯುವುದೇ ದೊಡ್ಡದು. ಒಂದು ತಿಂಗಳು 404 ಲಾಗ್ ನೋಡಿ ನಿರ್ಧರಿಸಿ.

ಇನ್ನು 404 ಪುಟದ ವಿಷಯ. ಹಳೆಯ ಬಗೆಯ ಥೀಮ್‌ನಲ್ಲಿ ಅದು 404.ಪಿಎಚ್‌ಪಿ. ಚೈಲ್ಡ್ ಥೀಮ್‌ಗೆ ನಕಲು ಮಾಡಿ ತಿದ್ದಿ. ಬ್ಲಾಕ್ ಥೀಮ್‌ನಲ್ಲಿ ಟೆಂಪ್ಲೇಟ್ಸ್ ಫೋಲ್ಡರಿನ 404.ಎಚ್‌ಟಿಎಂಎಲ್. ಒಮ್ಮೆ ಸೈಟ್ ಎಡಿಟರ್‌ನಲ್ಲಿ ತಿದ್ದಿ ಉಳಿಸಿದರೆ ಆ ಪ್ರತಿ ಡೇಟಾಬೇಸ್‌ಗೆ ಹೋಗುತ್ತದೆ. ಆಮೇಲೆ ಫೈಲನ್ನು ಎಷ್ಟು ಬದಲಿಸಿದರೂ ಕಾಣುವುದಿಲ್ಲ, ಎಡಿಟರ್‌ನಲ್ಲಿ ಆ ಟೆಂಪ್ಲೇಟನ್ನು ರೀಸೆಟ್ ಮಾಡಬೇಕು. "404" ಹೆಸರಿನ ಮಾಮೂಲಿ ಪೇಜ್ ಮಾಡಿ ಅಲ್ಲಿಗೆ ರೀಡೈರೆಕ್ಟ್ ಮಾಡುವುದು ತಪ್ಪು. ಆ ಪೇಜ್ 200 (ಎಲ್ಲ ಸರಿ ಎಂಬ ಉತ್ತರ) ಕೊಡುತ್ತದೆ, ಓದುಗ ಒತ್ತಿದ ಮೂಲ ವಿಳಾಸವೂ ಕಳೆದುಹೋಗುತ್ತದೆ.

ಬರಹ ಚಿಕ್ಕದಿರಲಿ: "ನೀವು ಹುಡುಕಿದ ಪುಟ ಇಲ್ಲಿ ಸಿಗಲಿಲ್ಲ. ಕೊಂಡಿ ಅರ್ಧಕ್ಕೆ ತುಂಡಾಗಿರಬಹುದು ಅಥವಾ ಬರಹದ ವಿಳಾಸ ಬದಲಾಗಿರಬಹುದು." ಅದರ ಕೆಳಗೆ ಹುಡುಕುವ ಖಾನೆ, ಆಮೇಲೆ ನಾಲ್ಕೈದು ಮುಖ್ಯ ವಿಭಾಗಗಳು. ಖಾನೆಯ ಪಕ್ಕದಲ್ಲಿ "ಮೂಲಪದ ಮಾತ್ರ ಬರೆಯಿರಿ: ಅಡಿಕೆಗೆ ಬೇಡ, ಅಡಿಕೆ ಸಾಕು" ಎಂದು ತಿಳಿಸಿ. ವರ್ಡ್‌ಪ್ರೆಸ್‌ನ ಹುಡುಕಾಟ ಅಕ್ಷರಗಳ ಸಾಲನ್ನು ಹಾಗೇ ಹೋಲಿಸುತ್ತದೆ. "ಅಡಿಕೆ" ಕೊಟ್ಟರೆ "ಅಡಿಕೆಗೆ", "ಅಡಿಕೆಯ" ಎಲ್ಲ ಸಿಗುತ್ತವೆ, "ಅಡಿಕೆಗೆ" ಕೊಟ್ಟರೆ "ಅಡಿಕೆಯ" ಸಿಗುವುದಿಲ್ಲ. ವಿಭಕ್ತಿ ಅಂಟಿಕೊಂಡೇ ಬರುವ ನಮ್ಮ ಭಾಷೆಗೆ ಈ ಒಂದು ಸಾಲು ಬಹಳ ಕೆಲಸ ಮಾಡುತ್ತದೆ. ಬಂದ ವಿಳಾಸವನ್ನು ಪುಟದಲ್ಲಿ ತೋರಿಸುವುದಾದರೆ ಎಸ್ಕ್_ಎಚ್‌ಟಿಎಂಎಲ್ ಮೂಲಕವೇ ತೋರಿಸಿ, ಇಲ್ಲದಿದ್ದರೆ ವಿಳಾಸದಲ್ಲಿ ಸ್ಕ್ರಿಪ್ಟ್ ತುರುಕಲು ದಾರಿಯಾಗುತ್ತದೆ. "ಇತ್ತೀಚಿನ 20 ಬರಹಗಳು ಚಿತ್ರ ಸಮೇತ" ಥರದ್ದು ಬೇಡ, ಬಾಟ್‌ಗಳು ಬಂದಾಗಲೆಲ್ಲ ಆ ಕ್ವೆರಿಗಳು ಓಡುತ್ತವೆ.

ಎಂಜಿನ್‌ಎಕ್ಸ್_ಗೆಳೆಯ:
ಸಾಗಣೆಯ ಮೇಲೆ ಚಿತ್ರಗಳ 404 ಕೂಡ ನೋಡಿ. ಲಿನಕ್ಸ್‌ನಲ್ಲಿ .ಜೆಪಿಜಿ ದೊಡ್ಡಕ್ಷರದಲ್ಲಿದ್ದರೆ, ಸಣ್ಣಕ್ಷರದಲ್ಲಿದ್ದರೆ ಎರಡು ಬೇರೆ ಫೈಲು. ಫೈಲ್ ಹೆಸರು ಕನ್ನಡದಲ್ಲಿದ್ದು, ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನ ಮ್ಯಾಕ್ ಮೂಲಕ ನಕಲಾಗಿದ್ದರೆ "ತೋಟ"ದ ಓಕಾರ ಮೂರು ಚಿಹ್ನೆಗಳಾಗಿ ಬಿಡಿಸಿಕೊಂಡಿರುತ್ತದೆ. ಡೇಟಾಬೇಸ್‌ನಲ್ಲಿ ಅದೇ ಓಕಾರ ಒಂದೇ ಚಿಹ್ನೆ. ನೋಡಲು ಒಂದೇ, ಸರ್ವರ್‌ಗೆ ಬೇರೆ. ಕನ್‌ವಿಎಂವಿ ಎಂಬ ಉಪಕರಣಕ್ಕೆ ಎನ್‌ಎಫ್‌ಸಿ ಆಯ್ಕೆ ಕೊಟ್ಟು ಹೆಸರುಗಳಲ್ಲಿ ಬಿಡಿಸಿಕೊಂಡ ಚಿಹ್ನೆಗಳನ್ನು ಮತ್ತೆ ಒಂದಾಗಿ ಕೂಡಿಸಬಹುದು. ಚಿತ್ರಗಳಿಗೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟರೆ ಈ ತಲೆನೋವೇ ಇಲ್ಲ.

ಇಲ್ಲದ ಒಂದೊಂದು ಚಿತ್ರಕ್ಕೂ ವರ್ಡ್‌ಪ್ರೆಸ್ ಪೂರ್ತಿ ಎದ್ದು, ಡೇಟಾಬೇಸ್ ಮುಟ್ಟಿ, 404 ಪುಟ ಕಟ್ಟಿ ಕೊಡುತ್ತದೆ. ಒಂದು ಪುಟದಲ್ಲಿ 30 ಚಿತ್ರ ಕಾಣೆಯಾಗಿದ್ದರೆ ಒಬ್ಬ ಓದುಗನಿಂದಲೇ 31 ಸಲ. ಅಪ್‌ಲೋಡ್ಸ್ ಫೋಲ್ಡರಿನ ಕೋರಿಕೆಗಳು ವರ್ಡ್‌ಪ್ರೆಸ್‌ಗೆ ಹೋಗದೆ ಸರ್ವರ್‌ನಿಂದಲೇ 404 ಆಗಿ ಮರಳುವಂತೆ ಮಾಡಿ.

ಅಡಿಕೆಪುಟ:
ಥೀಮಿನ 404 ಈಗ ಕನ್ನಡದಲ್ಲಿದೆ. ಡೇಟಾಬೇಸ್ ನಿಂತಾಗ, ಪಿಎಚ್‌ಪಿ ಕೆಟ್ಟಾಗ ಬರುವ ಪುಟಗಳನ್ನೂ ಕನ್ನಡಕ್ಕೆ ತರಬಹುದೇ?

ಸರ್ವರ್‌ಮನೆ:
ಧಾರಾಳವಾಗಿ. ಡಬ್ಲ್ಯುಪಿ-ಕಂಟೆಂಟ್ ಫೋಲ್ಡರಿನಲ್ಲಿ ಮೂರು ಫೈಲುಗಳಿಗೆ ಜಾಗವಿದೆ. ಡೇಟಾಬೇಸ್ ಸಂಪರ್ಕ ಸಿಗದಿದ್ದರೆ ಡಿಬಿ-ಎರರ್.ಪಿಎಚ್‌ಪಿ, ಪಿಎಚ್‌ಪಿ ಮಾರಕ ದೋಷಕ್ಕೆ ಪಿಎಚ್‌ಪಿ-ಎರರ್.ಪಿಎಚ್‌ಪಿ, ಅಪ್‌ಡೇಟ್ ನಡೆಯುವಾಗ ಮೇಂಟೆನೆನ್ಸ್.ಪಿಎಚ್‌ಪಿ. ಡಿಬಿ-ಎರರ್ ಮತ್ತು ಮೇಂಟೆನೆನ್ಸ್ ಎರಡರಲ್ಲೂ ಮೊದಲ ಸಾಲಿಗೇ 503 (ತಾಣ ಸದ್ಯಕ್ಕಿಲ್ಲ) ಹೆಡರ್ ಮತ್ತು ರೀಟ್ರೈ-ಆಫ್ಟರ್ 600 (600 ಸೆಕೆಂಡಿನ ಮೇಲೆ ಮತ್ತೆ ಬಾ) ಕಳಿಸಿ. ಅದನ್ನು ಮರೆತರೆ "ತಾಣ ಸ್ಥಗಿತವಾಗಿದೆ" ಎಂಬ ಪುಟ 200 ಆಗಿ ಹೋಗುತ್ತದೆ, ಹುಡುಕುಯಂತ್ರ ಅದನ್ನೇ ನಿಮ್ಮ ಬರಹ ಎಂದು ದಾಖಲಿಸಿಕೊಳ್ಳಬಹುದು.

ಈ ಪುಟಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕು. ಥೀಮಿನ ಹೆಡರ್ ಕರೆಯಬೇಡಿ, ಹೊರಗಿನ ಸಿಎಸ್‌ಎಸ್, ಫಾಂಟ್ ಬೇಡ. ಅಕ್ಷರ ಸಂಕೇತ ಯುಟಿಎಫ್-8 ಎಂದು ಹೆಡರ್‌ನಲ್ಲೂ ಮೆಟಾದಲ್ಲೂ ಹೇಳಿ, ಇಲ್ಲದಿದ್ದರೆ ಕನ್ನಡದ ಬದಲು ಕಲಸುಮೇಲೋಗರ ಕಾಣಿಸಬಹುದು. ಫಾಂಟ್ ಪಟ್ಟಿಗೆ ನೋಟೊ ಸ್ಯಾನ್ಸ್ ಕನ್ನಡ, ವಿಂಡೋಸ್‌ಗೆ ನಿರ್ಮಲಾ ಯುಐ, ಹಳೆಯ ವಿಂಡೋಸ್‌ಗೆ ತುಂಗಾ ಹಾಕಿದರೆ ಸಾಕು.

ಅಪ್‌ಡೇಟ್ ಮಧ್ಯದಲ್ಲೇ ನಿಂತು ತಾಣ ಆ ಸ್ಥಿತಿಯಲ್ಲೇ ಉಳಿದರೆ, ತಾಣದ ಮೂಲ ಫೋಲ್ಡರಿನಲ್ಲಿರುವ .ಮೇಂಟೆನೆನ್ಸ್ ಫೈಲ್ ಅಳಿಸಿ. 10 ನಿಮಿಷ ದಾಟಿದರೆ ವರ್ಡ್‌ಪ್ರೆಸ್ಸೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಾರಕ ದೋಷ ಬಂದಾಗ 5.2ರಿಂದ ಈಚೆಗೆ ಅಡ್ಮಿನ್ ಇಮೇಲ್‌ಗೆ ರಿಕವರಿ ಮೋಡ್ ಕೊಂಡಿ ಬರುತ್ತದೆ, ಹೊಸ ಸರ್ವರ್‌ನಿಂದ ಇಮೇಲ್ ಹೊರಗೆ ಹೋಗುತ್ತಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಡಿಬಗ್ ಲಾಗ್ ಚಾಲೂ ಮಾಡಿದರೆ ಡಿಬಗ್.ಲಾಗ್ ಫೈಲ್ ಡಬ್ಲ್ಯುಪಿ-ಕಂಟೆಂಟ್ ಒಳಗೆ ಯಾರು ಬೇಕಾದರೂ ತೆರೆಯುವಂತೆ ಇರುತ್ತದೆ. ಡಬ್ಲ್ಯುಪಿ_ಡಿಬಗ್_ಲಾಗ್‌ಗೆ ಟ್ರೂ ಬದಲು ವೆಬ್ ಫೋಲ್ಡರಿನ ಹೊರಗಿನ ಒಂದು ದಾರಿ ಕೊಡಿ.

ಹುಡುಕುಪುಟ:
ಕೊನೆಯ ಪರೀಕ್ಷೆ ಹೀಗೆ ಮಾಡಿ. ಹಳೆಯ ಸರ್ವರ್ ಇನ್ನೂ ಜೀವಂತವಿದ್ದರೆ ಅದರ ಡಬ್ಲ್ಯುಪಿ-ಸೈಟ್‌ಮ್ಯಾಪ್.ಎಕ್ಸ್‌ಎಂಎಲ್ ತೆರೆದು ವಿಳಾಸಗಳನ್ನೆಲ್ಲ ಒಂದು ಫೈಲಿಗೆ ಇಳಿಸಿಕೊಳ್ಳಿ. ಅದು ಸೂಚಿ ಮಾತ್ರ, ಒಳಗಿನ ಪೋಸ್ಟ್, ಪೇಜ್, ವಿಭಾಗಗಳ ಪಟ್ಟಿಗಳನ್ನೂ ತೆರೆಯಬೇಕು. ಒಂದೊಂದನ್ನೂ ಹೊಸ ಸರ್ವರ್‌ಗೆ ಕರ್ಲ್ ಆದೇಶದ ಮೂಲಕ ಕೇಳಿ, ಸ್ಟೇಟಸ್ ಸಂಖ್ಯೆ ಮಾತ್ರ ಬರೆಸಿಕೊಂಡು, 200 ಅಲ್ಲದವನ್ನು ಆರಿಸಿ. ತಿದ್ದಿದ ಮೇಲೂ 404 ಬರುತ್ತಿದ್ದರೆ ಕ್ಯಾಶ್ ಪ್ಲಗಿನ್, ಸಿಡಿಎನ್ (ತಾಣದ ಪ್ರತಿಗಳನ್ನು ಇಟ್ಟು ಹಂಚುವ ಸರ್ವರ್‌ಗಳ ಜಾಲ) ಎರಡನ್ನೂ ಖಾಲಿ ಮಾಡಿ ಮತ್ತೆ ನೋಡಿ. ವರ್ಡ್‌ಪ್ರೆಸ್ 404ರ ಜೊತೆ "ಕ್ಯಾಶ್ ಮಾಡಬೇಡ" ಎಂಬ ಹೆಡರ್ ಕಳಿಸುತ್ತದೆ, ಆದರೆ "ಎಲ್ಲವನ್ನೂ ಕ್ಯಾಶ್ ಮಾಡು" ಎಂಬ ಸಿಡಿಎನ್ ನಿಯಮ ಅದನ್ನು ಲೆಕ್ಕಿಸದೆ ಇರಬಹುದು. ಪಟ್ಟಿಯಲ್ಲಿ ಇಲ್ಲದ ಒಂದು ಸುಳ್ಳು ವಿಳಾಸವನ್ನೂ ಸೇರಿಸಿ ಕೇಳಿ. ಅದಕ್ಕೆ 404 ಬರಬೇಕು, 200 ಬಂದರೆ ಯಾವುದೋ ಪ್ಲಗಿನ್ ನಡುವೆ ಕೈಯಾಡಿಸುತ್ತಿದೆ.